ಕಪ್ಪು ಮರಳು, ಹಸಿರು ಮರಳು: ಹವಾಯಿಯಲ್ಲಿ ಒಂದೇ ದಿನ ಸಾಕೇ?

ಪ್ರಶ್ನೆ: ನಾವು ಕ್ಯಾಲಿಫೋರ್ನಿಯಾದಲ್ಲಿದ್ದೇವೆ. ಬರುವ ರಜೆಗೆ ಹವಾಯಿಯ ಬಿಗ್ ಐಲ್ಯಾಂಡಿಗೆ ಹೋಗಿ ಹಿಲೊ ಊರಿನಲ್ಲಿ ಉಳಿಯುತ್ತೇವೆ. ಜೊತೆಗೆ ಅತ್ತೆಯವರೂ ಬರುತ್ತಿದ್ದಾರೆ, ಅವರಿಗೆ 68. ಮಂಡಿನೋವು, ಸ್ವಲ್ಪ ಉಬ್ಬಸ ಎರಡೂ ಇವೆ. ಮಗನಿಗೆ 9. ಬಣ್ಣದ ಮರಳಿನ ಕಡಲತೀರಗಳಿಗೆಂದು ಒಂದು ದಿನ ಇಟ್ಟುಕೊಂಡಿದ್ದೇವೆ. ಕಪ್ಪು, ಹಸಿರು, ಕೆಂಪು ಮೂರೂ ನೋಡಬಹುದೇ? ಹಸಿರು ತೀರಕ್ಕೆ ಸ್ಥಳೀಯರು ಪಿಕಪ್ ಗಾಡಿಯಲ್ಲಿ ದುಡ್ಡಿಗೆ ಕರೆದೊಯ್ಯುತ್ತಾರಂತೆ, ಹತ್ತಬಹುದೇ? ಕಪ್ಪು ಮರಳಿನಲ್ಲಿ ವಿಕಿರಣ ಇರುತ್ತದೆ, ಮಗುವನ್ನು ಆಡಲು ಬಿಡಬೇಡಿ ಎಂದು ಚಿಕ್ಕಪ್ಪ ಹೇಳುತ್ತಾರೆ. ಮರಳು ತಂದರೆ ಅಲ್ಲಿನ ದೇವಿಯ ಶಾಪ ತಟ್ಟುತ್ತದೆ ಅಂತ ಗೆಳತಿ. ಅದೂ ಅಲ್ಲದೆ ಜ್ವಾಲಾಮುಖಿ ಉಗುಳುತ್ತಲೇ ಇದೆಯಂತಲ್ಲ, ಹೋಗುವುದೇ ತಪ್ಪಾ?

ಉತ್ತರ: ಕೇಳಿರುವುದು ಐದಾರು ಪ್ರಶ್ನೆ, ಆದರೆ ನಿಮ್ಮ ಚಿಂತೆ ಒಂದೇ ಅನ್ನಿಸುತ್ತದೆ. ಅಷ್ಟು ದೂರ ಹೋಗಿ, ಅತ್ತೆಯವರಿಗೆ ತೊಂದರೆಯಾಗದಂತೆ, ಮಗನಿಗೆ ನಿರಾಸೆಯಾಗದಂತೆ ಒಂದು ದಿನ ಕಳೆಯಲು ಆಗುತ್ತದಾ ಅಂತ. ಆಗುತ್ತದೆ, ಆದರೆ ಮೂರು ಬಣ್ಣ ಆಗುವುದಿಲ್ಲ. ಒಂದು ಖಂಡಿತ ಸಿಗುತ್ತದೆ, ಎರಡನೆಯದಕ್ಕೆ ಕಷ್ಟಪಡಬೇಕು. ಕೆಂಪನ್ನು ಈಗಲೇ ಬಿಟ್ಟುಬಿಡಿ. ಎಲ್ಲರೂ ಫೋಟೊ ಹಾಕುವ ಕೈಹಲುಲು ಎಂಬ ಕೆಂಪು ತೀರ ಇರುವುದು ಪಕ್ಕದ ಮಾವಿ ದ್ವೀಪದಲ್ಲಿ. ಅಲ್ಲಿಗೆ ವಿಮಾನ ಹತ್ತಬೇಕು. ಇಳಿದ ಮೇಲೂ ಕಾಲುದಾರಿ ಉದುರುವ ಗುಡ್ಡದ ಅಂಚಿನಲ್ಲಿದೆ, ಮಂಡಿನೋವಿನವರು ಆ ಕಡೆ ಮುಖ ಹಾಕಬಾರದು.

ನಾನು ಭೂವಿಜ್ಞಾನಿ, ಬದುಕೆಲ್ಲ ಬಸಾಲ್ಟ್ ಎಂಬ, ಲಾವಾ ತಣಿದು ಆಗುವ ಕಲ್ಲಿನ ಜೊತೆ ಕಳೆದವನು. ಕೆಲಸದ ಮೇಲೆ ಆ ದ್ವೀಪಕ್ಕೆ ಎರಡು ಸಲ ಹೋಗಿದ್ದೇನೆ. ದಾರಿಯ ಲೆಕ್ಕ ಆಮೇಲೆ ಹೇಳುತ್ತೇನೆ. ಮರಳಿಗೆ ಆ ಬಣ್ಣ ಬಂದದ್ದು ಹೇಗೆ ಅಂತ ಮೊದಲು ಗೊತ್ತಾದರೆ ನಿಮ್ಮ ಅರ್ಧ ಪ್ರಶ್ನೆಗಳು ಅಲ್ಲೇ ಮುಗಿಯುತ್ತವೆ.

ಕಪ್ಪು ಮರಳು ಅಂದರೆ ಬೆಂಕಿಗೆ ಸುಟ್ಟು ಕರಕಲಾದ ಮರಳು ಅಂತ ಬಹಳ ಜನ ತಿಳಿದಿದ್ದಾರೆ. ಅದರಲ್ಲಿ ಸುಟ್ಟದ್ದು ಏನೂ ಇಲ್ಲ. ಅದು ಗಾಜು. ಹವಾಯಿಯ ಲಾವಾ ಸುಮಾರು 1150 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಹರಿದುಬಂದು ಸಮುದ್ರಕ್ಕೆ ಬೀಳುತ್ತದೆ. ಕಾದ ಬಾಣಲೆಗೆ ನೀರು ಚೆಲ್ಲಿದಾಗ ಆಗುವುದನ್ನು ಸಾವಿರ ಪಟ್ಟು ದೊಡ್ಡದಾಗಿ ಊಹಿಸಿಕೊಳ್ಳಿ. ನೀರು ಒಮ್ಮೆಲೇ ಆವಿಯಾಗಿ ಸಿಡಿಯುತ್ತದೆ, ಲಾವಾ ಹರಳುಗಟ್ಟಲು ಹೊತ್ತು ಸಿಗದೆ ಗಾಜಾಗಿ ಚೂರುಚೂರಾಗುತ್ತದೆ. ಅಲೆಗಳು ಆ ಚೂರನ್ನು ಬಳಿದು ತಂದು ಹತ್ತಿರದ ಕೊಲ್ಲಿಗೆ ತುಂಬುತ್ತವೆ. ಬಸಾಲ್ಟಿನಲ್ಲಿ ಕಬ್ಬಿಣದ ಅಂಶ ಹೆಚ್ಚು, ಅದಕ್ಕೇ ಕಪ್ಪು. ಬಿಳಿ ಮರಳಿನ ಹಾಗೆ ಇದು ನಿಧಾನವಾಗಿ ಕೂಡಿಬರುವ ಸಂಗತಿಯಲ್ಲ, ಕೆಲವೇ ದಿನಗಳಲ್ಲಿ ಒಂದು ಹೊಸ ತೀರ ಎದ್ದುಬಿಡಬಹುದು. (ಬಿಳಿ ಮರಳಿನ ಕತೆ ಬೇರೆ. ಅದೇ ದ್ವೀಪದ ಪಶ್ಚಿಮದ ಬಿಳಿ ತೀರಗಳಲ್ಲಿ ಗಿಳಿಮೀನು ಹವಳ ಕಡಿದು ತಿಂದು, ಅರೆದು, ಹಿಂದಿನಿಂದ ಬಿಟ್ಟ ಪುಡಿಯೂ ಬೇಕಾದಷ್ಟಿದೆ. ಇದನ್ನು ನಿಮ್ಮ ಮಗನಿಗೆ ಹೇಳಿ, ಕಪ್ಪು ಹಸಿರಿಗಿಂತ ಇದೇ ಅವನಿಗೆ ಜಾಸ್ತಿ ನೆನಪಿರುತ್ತದೆ.)

ಬೇಗ ಹುಟ್ಟಿದ್ದು ಬೇಗ ಹೋಗುತ್ತದೆ ಕೂಡ. ಲಾವಾ ನಿಂತ ದಿನವೇ ಮರಳಿನ ಪೂರೈಕೆ ನಿಲ್ಲುತ್ತದೆ, ಮುಂದೆ ಅಲೆ ಕೊಂಡೊಯ್ಯುವುದಷ್ಟೇ. ಹಿಲೊದ ದಕ್ಷಿಣಕ್ಕೆ ಕಲಪನಾ ಎಂಬಲ್ಲಿ ಕೈಮೂ ಅಂತ ಒಂದು ತೀರವಿತ್ತು, ತೆಂಗಿನ ಸಾಲಿನ ಕೆಳಗೆ ಕಡುಕಪ್ಪು ಮರಳು, ದ್ವೀಪಕ್ಕೇ ಹೆಸರುವಾಸಿ. 1990ರಲ್ಲಿ ಕಿಲಾವಿಯಾ ಜ್ವಾಲಾಮುಖಿಯ ಲಾವಾ ಬಂದು ಅದನ್ನು ಊರಿನ ಸಮೇತ ಮುಚ್ಚಿತು. ಲಾವಾ ಹುಟ್ಟಿಸಿದ ತೀರವನ್ನು ಲಾವಾ ಹೂತಿತು. ಇನ್ನೊಂದು ಕಡೆ 2018ರಲ್ಲಿ ಅದೇ ಜ್ವಾಲಾಮುಖಿ ಪೂರ್ವದ ಬಿರುಕುಗಳಿಂದ ಉಕ್ಕಿ 700ಕ್ಕೂ ಹೆಚ್ಚು ಮನೆ ನುಂಗಿತು. ಆಗ ಬಿದ್ದ ಗಾಜಿನ ಚೂರೆಲ್ಲ ಸೇರಿ ಪೊಹೊಯಿಕಿ ಎಂಬಲ್ಲಿ ಹೊಸ ಕಪ್ಪು ತೀರ ಎದ್ದಿತು, ದೋಣಿ ಇಳಿಸುವ ಜಾಗ ಮರಳಿನೊಳಗೆ ಸಿಕ್ಕಿ ಹೊಂಡವಾಯಿತು. ಆ ತೀರ ನಿಮ್ಮ ಮಗನಿಗಿಂತ ಹಳೆಯದೇನಲ್ಲ.

ಹಸಿರಿಗೆ ಬರೋಣ. ಪಾಚಿಯಿಂದ ಹಸಿರು ಅನ್ನುವುದು ತಪ್ಪು. ಅದು ಆಲಿವೀನ್ ಎಂಬ ಖನಿಜ. ಅದರ ದೊಡ್ಡ, ಸ್ವಚ್ಛ ಹರಳಿಗೆ ಒಡವೆ ಅಂಗಡಿಯಲ್ಲಿ ಪೆರಿಡಾಟ್ ಅನ್ನುತ್ತಾರೆ. ಬಸಾಲ್ಟ್ ಶಿಲಾಪಾಕ, ಅಂದರೆ ಕರಗಿದ ಕಲ್ಲು, ನೆಲದಡಿ ತಣಿಯತೊಡಗಿದಾಗ ಎಲ್ಲಕ್ಕಿಂತ ಮೊದಲು ಹರಳುಗಟ್ಟುವವುಗಳಲ್ಲಿ ಇದೊಂದು. ದ್ವೀಪದ ದಕ್ಷಿಣ ತುದಿಯ ಹತ್ತಿರ ಪುಉ ಮಹಾನಾ ಎಂಬ ಬೂದಿಯ ದಿಬ್ಬವಿದೆ, ಸುಮಾರು 49,000 ವರ್ಷ ಹಳೆಯದು. ಆ ಬೂದಿಯ ತುಂಬ ಆಲಿವೀನ್ ಹರಳು. ಸಮುದ್ರ ದಿಬ್ಬದ ಒಂದು ಮಗ್ಗುಲನ್ನು ಕೊರೆದು ಒಳನುಗ್ಗಿದೆ. ಅಲೆ ಅಲ್ಲಿ ಮಾಡುವ ಕೆಲಸ ಮೊರದಲ್ಲಿ ಕಾಳು ಕೇರಿದ ಹಾಗೆಯೇ. ಆಲಿವೀನ್ ನೀರಿಗಿಂತ ಮೂರೂಕಾಲು ಪಟ್ಟು ತೂಕ, ಬೂದಿ ಹಗುರ. ಹಗುರವಾದದ್ದು ತೇಲಿಹೋಗುತ್ತದೆ, ಕಾಳು ಉಳಿಯುತ್ತದೆ. ಹಾಗೆ ಉಳಿದ ಕಾಳೇ ಪಪಕೋಲಿಯಾ ತೀರ.

ಹಾಗಾದರೆ ಲೋಕದ ತುಂಬ ಹಸಿರು ತೀರಗಳು ಏಕಿಲ್ಲ? ಆಲಿವೀನ್ ಗಾಳಿ ನೀರಿಗೆ ತಾಳದ ಖನಿಜ. ಭೂಮಿಯ ಮೇಲ್ಮೈಗೆ ಬಂದರೆ ಬೇಗ ತುಕ್ಕುಬಣ್ಣಕ್ಕೆ ತಿರುಗಿ ಪುಡಿಯಾಗುತ್ತದೆ. ಹಿಂದಿನಿಂದ ದಿಬ್ಬ ಹೊಸ ಕಾಳು ಉದುರಿಸುತ್ತಿರುವಷ್ಟು ದಿನ ಮಾತ್ರ ಹಸಿರು. ನಮ್ಮ ಭೂವಿಜ್ಞಾನಿಗಳ ಹವ್ಯಾಸವೇ ಹಾಗೆ, ಚಂದದ ಜಾಗ ಕಂಡ ಕೂಡಲೇ ಎಷ್ಟು ದಿನ ಬಾಳೀತು ಅಂತ ಲೆಕ್ಕ ಹಾಕುತ್ತೇವೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ, ಮತ್ತೆ ಅಲ್ಲಿ ಹೋಗಿ ಬೈದುಕೊಳ್ಳಬೇಡಿ. ಫೋಟೊದಲ್ಲಿ ಕಾಣುವ ಪಚ್ಚೆ ಹಸಿರು ಅಲ್ಲಿಲ್ಲ. ದಿಬ್ಬದ ಮೇಲೆ ನಿಂತು ನೋಡಿದರೆ ಬಾಡಿದ ಹುಲ್ಲಿನ ಬಣ್ಣ, ಮೋಡವಿದ್ದರೆ ಸೈನಿಕರ ಸಮವಸ್ತ್ರದ ಬಣ್ಣ. ಹಸಿರು ಇರುವುದು ಅಂಗೈಯಲ್ಲಿ. ಮೊದಲ ಸಲ ಹೋದಾಗ ಒಂದು ಚಿಟಿಕೆ ತೆಗೆದು ಹತ್ತು ಪಟ್ಟಿನ ಲೆನ್ಸ್ ಹಿಡಿದಿದ್ದೆ. ಒಂದೊಂದು ಕಾಳೂ ಒಡೆದ ಸೋಡಾ ಬಾಟಲಿಯ ಚೂರಿನಂತೆ ಪಾರದರ್ಶಕ, ಹಳದಿ ಕಲೆತ ಹಸಿರು. ಮೂಲೆಗಳು ಮಾತ್ರ ಅಲೆಗೆ ಸವೆದು ದುಂಡಗಾಗಿದ್ದವು. ನಡುನಡುವೆ ಕಪ್ಪು ಗಾಜಿನ ಚೂರು, ಬೂದುಬಣ್ಣದ ಕಲ್ಲಿನ ಹರಳು, ಒಂದೆರಡು ಬಿಳಿ ಹವಳದ ತುಣುಕು. ನೂರು ರೂಪಾಯಿಗೆ ಸಿಗುವ ಭೂತಗನ್ನಡಿಯಾದರೂ ಸರಿ, ಒಂದನ್ನು ಚೀಲಕ್ಕೆ ಹಾಕಿಕೊಳ್ಳಿ.

ಈಗ ಚಿಕ್ಕಪ್ಪನವರ ವಿಕಿರಣ. ಅವರು ಸುಮ್ಮನೆ ಹೇಳಿದ್ದಲ್ಲ, ಎಲ್ಲೋ ಓದಿದ್ದಾರೆ. ಕೇರಳದ ಕೊಲ್ಲಂ ಬಳಿ ಚವರ ಕರಾವಳಿಯ ಕಪ್ಪು ಮರಳಿನಲ್ಲಿ ಮೊನಜೈಟ್ ಎಂಬ ಖನಿಜ ಇದೆ, ಅದರಲ್ಲಿ ವಿಕಿರಣ ಸೂಸುವ ಥೋರಿಯಂ ಇದೆ, ಅಲ್ಲಿ ಸಹಜ ವಿಕಿರಣ ಹೆಚ್ಚು, ಇದು ನಿಜ. ಆದರೆ ಆ ಮರಳು ಹುಟ್ಟಿದ್ದು ಒಳನಾಡಿನ ಪ್ರಾಚೀನ ಶಿಲೆಗಳಿಂದ, ಹವಾಯಿಯ ಮರಳು ಹುಟ್ಟಿದ್ದು ಬಸಾಲ್ಟಿನಿಂದ. ಬಸಾಲ್ಟಿನಲ್ಲಿ ಥೋರಿಯಂ ಬಹಳ ಕಡಿಮೆ, ಸಾಮಾನ್ಯ ಗ್ರಾನೈಟಿಗಿಂತಲೂ ಕಡಿಮೆ. ಬಣ್ಣ ಒಂದೇ, ಬುಡ ಬೇರೆ. ಮಗ ಹೊಟ್ಟೆತುಂಬ ಆಡಲಿ. ನೀವು ಹೆದರಬೇಕಾದದ್ದು ಬಿಸಿಗೆ. ಮಧ್ಯಾಹ್ನದ ಬಿಸಿಲಿಗೆ ಕಪ್ಪು ಮರಳು ಕಾದ ಹಂಚಾಗುತ್ತದೆ. ಚಪ್ಪಲಿ ನೀರಿನಂಚಿನಲ್ಲಿ ಬಿಟ್ಟು ಓಡಾಡುವ ಅಭ್ಯಾಸ ಅಲ್ಲಿ ಬೇಡ.

ಜ್ವಾಲಾಮುಖಿಯ ಮಾತು. ಕಿಲಾವಿಯಾ 2024ರ ಡಿಸೆಂಬರ್ 23ರಿಂದ ಬಿಟ್ಟು ಬಿಟ್ಟು ಚಿಮ್ಮುತ್ತಿದೆ, ಆದರೆ ಚಿಮ್ಮುತ್ತಿರುವುದು ಶಿಖರದ ಹಲೆಮಾಉಮಾಉ ಕುಂಡದೊಳಗೆ. ಆ ಲಾವಾ ನೀವು ಹೋಗುವ ತೀರಗಳ ಕಡೆ ಬರುವುದಿಲ್ಲ. ಹಾಗಂತ ಚಿಂತೆಯೇ ಇಲ್ಲ ಅಂತಲ್ಲ, ನಿಮ್ಮ ಮನೆಯಲ್ಲಿ ಉಬ್ಬಸದವರಿದ್ದಾರೆ. ಜ್ವಾಲಾಮುಖಿ ಗಂಧಕದ ಡೈಆಕ್ಸೈಡ್ ಎಂಬ ಅನಿಲ ಬಿಡುತ್ತದೆ, ಅದು ಗಾಳಿಯಲ್ಲಿ ಮಂಜಿನಂತೆ ಕಟ್ಟಿಕೊಳ್ಳುತ್ತದೆ. ಅಲ್ಲಿಯವರು ಅದಕ್ಕೆ ‘ವಾಗ್’ ಅನ್ನುತ್ತಾರೆ. ಅಲ್ಲಿ ಹೆಚ್ಚಿನ ದಿನ ಬೀಸುವುದು ಈಶಾನ್ಯದ ಗಾಳಿ. ಹಾಗಾಗಿ ಶಿಖರದ ಹೊಗೆ ಹೋಗುವುದು ನೈಋತ್ಯಕ್ಕೆ, ಅಂದರೆ ಕಪ್ಪು ಮತ್ತು ಹಸಿರು ತೀರಗಳಿರುವ ಕಾಊ ಸೀಮೆಯ ಕಡೆಗೇ! ಚಿಮ್ಮುವಿಕೆ ಜೋರಾಗಿರುವ ದಿನ ಹೊಗೆಯೂ ಜೋರು, ನಡುವಿನ ವಿರಾಮದಲ್ಲಿ ಕಡಿಮೆ. ಅಮೆರಿಕದ ಭೂವೈಜ್ಞಾನಿಕ ಸಮೀಕ್ಷೆಯ ಹವಾಯಿ ವೀಕ್ಷಣಾಲಯ 1912ರಿಂದ ಈ ಜ್ವಾಲಾಮುಖಿಯ ಮೇಲೆ ಕಣ್ಣಿಟ್ಟಿದೆ, ಅವರ ದಿನದ ವರದಿಯನ್ನು ಹಿಂದಿನ ರಾತ್ರಿಯೇ ಓದಿ. ಅತ್ತೆಯವರ ಇನ್‌ಹೇಲರ್ ಡಿಕ್ಕಿಯ ಪೆಟ್ಟಿಗೆಯಲ್ಲಿ ಬೇಡ, ಅವರ ಕೈಚೀಲದಲ್ಲಿರಲಿ.

ಮುಂದೆ ಎಂದಾದರೂ ಲಾವಾ ಸಮುದ್ರಕ್ಕೆ ಇಳಿದರೆ ಮಾತ್ರ ನನ್ನ ಸಲಹೆ ಬೇರೆ. ಹೊಸದಾಗಿ ಹೆಪ್ಪುಗಟ್ಟಿದ ಅಂಚು ಕೆಳಗೆ ಟೊಳ್ಳು, ಹೇಳದೆ ಕೇಳದೆ ಕುಸಿಯುತ್ತದೆ. 2016ರ ಡಿಸೆಂಬರ್ 31ರಂದು ಅದೇ ದ್ವೀಪದ ಕಮೊಕುನಾ ಎಂಬಲ್ಲಿ ಹತ್ತಾರು ಎಕರೆ ಹೊಸ ನೆಲ ಹಾಗೆಯೇ ಸಮುದ್ರಕ್ಕೆ ಇಳಿದುಹೋಯಿತು. 2018ರ ಜುಲೈಯಲ್ಲಿ ಲಾವಾ ನೋಡಲು ಹೋದ ಪ್ರವಾಸಿ ದೋಣಿಯ ಮೇಲೆ ಸ್ಫೋಟದ ಕಲ್ಲು ಬಿದ್ದು 23 ಜನ ಗಾಯಗೊಂಡರು.

ಇನ್ನು ದಾರಿ. ಹಿಲೊದಿಂದ 11ನೇ ಹೆದ್ದಾರಿ ಹಿಡಿದರೆ ಸುಮಾರು 48 ಕಿಲೊಮೀಟರಿಗೆ ಜ್ವಾಲಾಮುಖಿ ರಾಷ್ಟ್ರೀಯ ಉದ್ಯಾನ, 90ಕ್ಕೆ ಪುನಲುಉ ಎಂಬ ಕಪ್ಪು ತೀರ. ಇನ್ನೂ 20 ಮುಂದೆ ಹೋಗಿ ಎಡಕ್ಕೆ ತಿರುಗಿ 19 ಕಿಲೊಮೀಟರ್ ಕಿರಿದಾದ ರಸ್ತೆಯಲ್ಲಿ ಇಳಿದರೆ ಸೌತ್ ಪಾಯಿಂಟ್, ಅಮೆರಿಕದ 50 ರಾಜ್ಯಗಳಲ್ಲೇ ದಕ್ಷಿಣದ ತುದಿ. ಅಲ್ಲಿನ ಮರಗಳು ಗಾಳಿಗೆ ತಲೆಬಾಗಿ ನೆಲಕ್ಕೆ ಅಡ್ಡಲಾಗಿ ಬೆಳೆದಿವೆ, ಗಾಳಿಯ ಬಗ್ಗೆ ನಾನು ಬೇರೆ ಹೇಳಬೇಕಿಲ್ಲ. ಅಲ್ಲಿ ಗಾಡಿ ನಿಲ್ಲಿಸಿ ಹಸಿರು ತೀರಕ್ಕೆ ನಡೆಯಬೇಕು, ಹೋಗಲು 4 ಕಿಲೊಮೀಟರ್, ಬರಲು 4. ನೆರಳಿಗೆ ಒಂದು ಮರವಿಲ್ಲ, ಕುಡಿಯಲು ನೀರಿಲ್ಲ. ದಾರಿ ಸಮತಟ್ಟು, ಆದರೆ ಪುಡಿಮಣ್ಣು, ಗಾಳಿಗೆ ಎದ್ದು ಕಣ್ಣಿಗೆ ರಾಚುತ್ತದೆ. ಕೊನೆಗೆ ಬೂದಿಕಲ್ಲಿನ ಗೋಡೆಯಿಂದ ಇಳಿಯುವ ಕಡಿದಾದ ಜಾಗ. ಮೊದಲ ಸಲ ನಾನು ಲೆನ್ಸ್ ಕೈಯಲ್ಲಿ ಹಿಡಿದೇ ಇಳಿಯಲು ಹೋಗಿ ಜಾರಿ, ಮೊಣಕೈ ಚರ್ಮವೆಲ್ಲ ಅಲ್ಲೇ ಬಿಟ್ಟುಬಂದೆ. ಎರಡೂ ಕೈ ಖಾಲಿ ಇರಬೇಕು.

ಪಿಕಪ್ ಗಾಡಿ ಹತ್ತಬಹುದೇ ಅಂತ ಕೇಳಿದಿರಿ. ಆ ನೆಲ ಹವಾಯಿಯನ್ ಹೋಮ್ ಲ್ಯಾಂಡ್ಸ್ ಇಲಾಖೆಯದು, ಮೂಲನಿವಾಸಿಗಳಿಗಾಗಿ 1920ರ ಕಾಯ್ದೆಯಲ್ಲಿ ಮೀಸಲಿಟ್ಟ ಭೂಮಿ. ವಾಹನ ಓಡಿಸಬಾರದು ಅಂತ ಇಲಾಖೆ ಹೇಳುತ್ತದೆ, ಗಾಡಿಗಳು ಓಡುತ್ತಲೇ ಬಂದಿವೆ. ಓಡಿಸುವವರು ಅಲ್ಲಿಯ ಜನ, ಅದು ಅವರ ಅನ್ನ, ಅವರ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಚಕ್ರದ ಜಾಡುಗಳು ಆಳುದ್ದ ಕೊರೆದುಹೋಗಿರುವುದನ್ನು ಕಣ್ಣಾರೆ ನೋಡಿದ್ದೇನೆ. ಮಳೆ ಬಂದಾಗ ಅಷ್ಟೂ ಮಣ್ಣು ಸಮುದ್ರಕ್ಕೆ ಹೋಗುತ್ತದೆ. ಅದಿರಲಿ, ನಿಮ್ಮ ಅತ್ತೆಯವರ ದೃಷ್ಟಿಯಿಂದ ನೋಡಿ. ಹಿಂದೆ ನಿಂತು ಕಂಬಿ ಹಿಡಿದು, ಹಳ್ಳದಿಂದ ಹಳ್ಳಕ್ಕೆ ಎತ್ತಿ ಹಾಕಿಸಿಕೊಳ್ಳುವ ಪಯಣ ಅದು. ಮಂಡಿಗೆ ನಡಿಗೆಗಿಂತ ಅದೇ ಹೆಚ್ಚು ಪೆಟ್ಟು. ಬಿದ್ದರೆ ವಿಮೆಯ ಮಾತೂ ಇಲ್ಲ. ಬಾಡಿಗೆ ಕಾರನ್ನಂತೂ ಆ ಮಣ್ಣುದಾರಿಗೆ ಇಳಿಸಬೇಡಿ, ಕರಾರುಪತ್ರದಲ್ಲಿ ಸಾಮಾನ್ಯವಾಗಿ ಅದಕ್ಕೆ ಅವಕಾಶವಿರುವುದಿಲ್ಲ. ಪ್ರವೇಶದ ನಿಯಮ ಬದಲಾಗಬಹುದು, ಹೊರಡುವ ಮುನ್ನ ಇಲಾಖೆಯ ಪ್ರಕಟಣೆ ನೋಡಿಕೊಳ್ಳಿ.

ನಾನು ನಿಮ್ಮ ಜಾಗದಲ್ಲಿದ್ದರೆ ಹಸಿರನ್ನು ಬಿಟ್ಟು ಪುನಲುಉಗೆ ಇಡೀ ದಿನ ಕೊಡುತ್ತಿದ್ದೆ. ಕಾರು ನಿಲ್ಲಿಸಿ ನಾಲ್ಕು ಹೆಜ್ಜೆಗೆ ಮರಳು, ತೆಂಗಿನ ನೆರಳು, ಕೂರಲು ಮೇಜು, ಶೌಚಾಲಯ ಎಲ್ಲ ಇವೆ. ಮುಖ್ಯವಾಗಿ ಕಡಲಾಮೆಗಳು. ಹಸಿರು ಕಡಲಾಮೆ ಬಿಸಿಲು ಕಾಯಿಸಿಕೊಳ್ಳಲು ದಡ ಹತ್ತುವುದು ಹೊತ್ತೇರಿದ ಮೇಲೆ, ಆದ್ದರಿಂದ ನಸುಕಿಗೇ ಓಡಿಹೋಗಿ ಆಮೆ ಇಲ್ಲ ಅಂತ ಮುಖ ಸಣ್ಣದು ಮಾಡಿಕೊಳ್ಳಬೇಡಿ. ಬೆಳಿಗ್ಗೆ ಉದ್ಯಾನದಲ್ಲಿ ಕಿಲಾವಿಯಾ ಇಕಿ ಕುಂಡವನ್ನು ಅಂಚಿನಿಂದ ನೋಡಿ (1959ರಲ್ಲಿ ಅಲ್ಲಿ ಲಾವಾ ಸುಮಾರು 580 ಮೀಟರ್ ಎತ್ತರ ಚಿಮ್ಮಿತ್ತು), ಹನ್ನೊಂದರ ಹೊತ್ತಿಗೆ ತೀರ ತಲುಪಿದರೆ ಸಾಕು. ಆಮೆಯಿಂದ 3 ಮೀಟರಾದರೂ ದೂರ ಇರಬೇಕು. ಅದು ಕಾಯ್ದೆಯ ರಕ್ಷಣೆಯಿರುವ ಪ್ರಾಣಿ, ಮುಟ್ಟುವುದು ಅಪರಾಧ. ಅಲ್ಲಾಡದೆ ಬಿದ್ದಿರುತ್ತದೆ, ಸತ್ತಿದೆ ಅಂದುಕೊಳ್ಳುವಷ್ಟು. ಅಷ್ಟರಲ್ಲಿ ಕತ್ತು ಎತ್ತಿ ಬುಸ್ ಎಂದು ಒಂದು ಉಸಿರು ಬಿಟ್ಟು ಮತ್ತೆ ಮರಳಿಗೆ ಗದ್ದ ಊರುತ್ತದೆ. ಕಣ್ಣಂಚಿನಲ್ಲಿ ಇಳಿಯುವ ನೀರು ಅಳುವಲ್ಲ, ಮೈಯೊಳಗಿನ ಹೆಚ್ಚುವರಿ ಉಪ್ಪನ್ನು ಅದು ಹೊರಹಾಕುವ ರೀತಿ.

ಅಲ್ಲಿ ನೀರಿಗೆ ಕಾಲಿಟ್ಟರೆ ಮೀನಖಂಡದವರೆಗೆ ಐಸಿನಂತೆ ತಣ್ಣಗೆ, ಒಂದು ಹೆಜ್ಜೆ ಮುಂದಿಟ್ಟರೆ ಬೆಚ್ಚಗೆ. ಮೌನಾ ಲೋವಾ ಬೆಟ್ಟದ ಮೇಲೆ ಬಿದ್ದ ಮಳೆ ಕಲ್ಲಿನೊಳಗೆ ಇಳಿದು ಇಲ್ಲಿ ಸಮುದ್ರದಡಿ ಊಟೆಯಾಗಿ ಏಳುತ್ತದೆ. ಹಿಂದಿನ ಕಾಲದಲ್ಲಿ ಸೋರೆಬುರುಡೆ ಹಿಡಿದು ಮುಳುಗಿ ಸಿಹಿನೀರು ತುಂಬಿಕೊಳ್ಳುತ್ತಿದ್ದರಂತೆ, ಪುನಲುಉ ಎಂಬ ಹೆಸರಿನ ಅರ್ಥವೇ ಮುಳುಗಿ ತೆಗೆಯುವ ಚಿಲುಮೆ. ಕಾಲು ತೋಯಿಸಿಕೊಂಡರೆ ಸಾಕು, ಈಜಬೇಡಿ. ತಳದಲ್ಲಿ ಬಂಡೆ, ಹೊರಗಡೆ ಸೆಳೆತ. ಇನ್ನೊಂದು ವಿಷಯ ಯಾರೂ ಪ್ರವಾಸಿಗರಿಗೆ ಹೇಳುವುದಿಲ್ಲ. 1975ರ ನವೆಂಬರ್ 29ರಂದು ಇದೇ ಕರಾವಳಿಯಲ್ಲಿ ಭೂಕಂಪವಾಗಿ, ಕೆಲವೇ ನಿಮಿಷದಲ್ಲಿ ಸುನಾಮಿ ಬಂತು. ಹಲಪೆ ಎಂಬಲ್ಲಿ ಬಿಡಾರ ಹೂಡಿದ್ದ ಇಬ್ಬರು ಸತ್ತರು. ನಿಲ್ಲಲಾಗದಷ್ಟು ನೆಲ ನಡುಗಿದರೆ ಸೈರನ್ನಿಗೆ ಕಾಯದೆ, ಚೀಲ ಬಿಟ್ಟು, ಎತ್ತರಕ್ಕೆ ಹೋಗಬೇಕು.

ಹಸಿರು ನೋಡಲೇಬೇಕು ಅಂತ ಮಗ ಹಟ ಹಿಡಿದರೆ? ನಸುಕಿನ ಐದೂವರೆಗೆ ಹೊರಟು ಮೊದಲು ಸೌತ್ ಪಾಯಿಂಟಿಗೇ ಹೋಗಿ. ಬಿಸಿಲೇರುವ ಮುನ್ನ ಒಬ್ಬರು ಮಗನೊಂದಿಗೆ ನಡೆದು ಬರಲಿ, ತಲೆಗೆ ಎರಡು ಲೀಟರ್ ನೀರು, ಶೂ, ಕಣ್ಣಿಗೆ ಕನ್ನಡಕ. ವಾಪಸು ಬರುವಾಗ ಪುನಲುಉ, ಆಮೆಗಳೂ ಅಷ್ಟೊತ್ತಿಗೆ ದಡದಲ್ಲಿರುತ್ತವೆ. ಎಲ್ಲರೂ ಮಾಡುವುದು ಇದರ ಉಲ್ಟಾ, ನಡುಮಧ್ಯಾಹ್ನ ಬೋಳು ಬಯಲಿನಲ್ಲಿ ಸಿಕ್ಕಿಬೀಳುತ್ತಾರೆ. ತೊಡಕು ಅಂದರೆ ಅತ್ತೆಯವರು ನಿಮ್ಮಲ್ಲಿ ಒಬ್ಬರ ಜೊತೆ ಗಾಳಿಯಲ್ಲಿ ಅಲ್ಲಾಡುವ ಕಾರಿನೊಳಗೆ ಮೂರು ನಾಲ್ಕು ಗಂಟೆ ಕೂರಬೇಕು. ದಾರಿಯಲ್ಲಿ ಅವರನ್ನು ಪುನಲುಉನಲ್ಲಿ ಇಳಿಸಿ ಹೋಗಬಹುದು, ಆಗ ಉಬ್ಬಸದವರು ಕಾರಿಲ್ಲದೆ ಐದು ಗಂಟೆ ಉಳಿದ ಹಾಗಾಯಿತು. ನನಗೆ ಎರಡೂ ಇಷ್ಟವಿಲ್ಲ.

ಹೊಗೆ ಜೋರಾಗಿರುವ ದಿನವಾದರೆ ಯೋಚಿಸಲೇಬೇಡಿ, ದಕ್ಷಿಣ ಬಿಟ್ಟು ಪೂರ್ವಕ್ಕೆ ತಿರುಗಿ ಪೊಹೊಯಿಕಿಗೆ ಹೋಗಿ. ಹಿಲೊದಿಂದ ಒಂದು ಗಂಟೆಯ ದಾರಿ, ಈಶಾನ್ಯದ ಗಾಳಿ ಇರುವಷ್ಟು ಹೊತ್ತು ಶಿಖರದ ಹೊಗೆ ಆ ಕಡೆ ಬರುವುದಿಲ್ಲ. ಅಲೆ ದಡಕ್ಕೆ ಅಪ್ಪಳಿಸಿ ಎಳೆಯುತ್ತದೆ, ನೀರಿಗಿಳಿಯುವ ಮಾತಿಲ್ಲ. ತೀರದ ಹಿಂಬದಿಗೆ ಬೆಚ್ಚನೆಯ ಹೊಂಡಗಳಿವೆ, ಜನ ಇಳಿಯುತ್ತಾರೆ. ಅದು ನಿಂತ ನೀರು, ಮೈಮೇಲೆ ತರಚಿದ ಗಾಯವಿದ್ದರೂ ಬೇಡ.

ಶಾಪದ ವಿಚಾರ ಕೊನೆಗೆ ಇಟ್ಟುಕೊಂಡಿದ್ದೆ. ಪೆಲೆ ಅಲ್ಲಿನವರ ಅಗ್ನಿದೇವತೆ, ಇಂದಿಗೂ ಭಕ್ತಿಯಿಂದ ನಡೆದುಕೊಳ್ಳುವ ದೇವಿ. ಆದರೆ ಕಲ್ಲು ಕದ್ದವರಿಗೆ ಶಾಪ ಎಂಬ ಕತೆ ಹಳೆಯ ಹವಾಯಿ ಪರಂಪರೆಯದಲ್ಲ, 20ನೇ ಶತಮಾನದಲ್ಲಿ ಪ್ರವಾಸಿಗರ ನಡುವೆ ಹಬ್ಬಿದ್ದು. ಆದರೂ ಕ್ಷಮೆ ಕೇಳಿ ಪತ್ರ ಬರೆದು ಕಲ್ಲು ಮರಳನ್ನು ಪಾರ್ಸೆಲ್ ಮಾಡುವವರು ಉದ್ಯಾನದವರಿಗೆ ತಪ್ಪಿಲ್ಲ. ಎಲ್ಲಿಂದ ತೆಗೆದದ್ದೋ ತಿಳಿಯದ ಕಲ್ಲನ್ನು ಅವರೂ ಎಲ್ಲಿ ಅಂತ ಇಡಬೇಕು? ಶಾಪ ಇಲ್ಲದಿದ್ದರೂ ಕಾನೂನು ಇದೆ, ತೀರದ ಮರಳು ಒಯ್ಯುವುದು ರಾಜ್ಯದಲ್ಲಿ ನಿಷಿದ್ಧ. ಲಾವಾ ನಿಂತುಹೋದ ಪುನಲುಉಗೆ ಹೊಸ ಮರಳು ಹಾಕುವವರು ಯಾರೂ ಇಲ್ಲ, ಒಬ್ಬೊಬ್ಬರು ಒಂದೊಂದು ಬಾಟಲಿ ತುಂಬಿಸಿಕೊಂಡರೆ ಲೆಕ್ಕ ನೀವೇ ಮಾಡಿ.

ಮಗನಿಗೆ ಬಾಟಲಿಯ ಬದಲು ಒಂದು ಅಯಸ್ಕಾಂತ ಕೊಡಿ, ಫ್ರಿಜ್ಜಿಗೆ ಅಂಟಿಸುವಂಥದ್ದೇ ಸಾಕು. ತೆಳು ಪ್ಲಾಸ್ಟಿಕ್ ಚೀಲದೊಳಗೆ ಹಾಕಿ ಒಣ ಕಪ್ಪು ಮರಳಿನ ಮೇಲೆ ಎಳೆದರೆ ಕೆಲವು ಕಾಳು ಮೀಸೆಯಂತೆ ನಿಮಿರಿ ಅಂಟಿಕೊಳ್ಳುತ್ತವೆ, ಅವುಗಳಲ್ಲಿ ಮ್ಯಾಗ್ನಟೈಟ್ ಎಂಬ ಕಬ್ಬಿಣದ ಖನಿಜ ಇದೆ. ಉಳಿದದ್ದರಲ್ಲಿ ಭೂತಗನ್ನಡಿ ಹಿಡಿದು ಹಸಿರು ಕಾಳು ಹುಡುಕಲಿ. ಕಪ್ಪು ಮರಳಿನಲ್ಲೂ ಆಲಿವೀನ್ ಅಲ್ಲೊಂದು ಇಲ್ಲೊಂದು ಇರುತ್ತದೆ, 8 ಕಿಲೊಮೀಟರ್ ನಡೆಯದೆಯೂ ಸಿಗುತ್ತದೆ. ಫೋನಿನ ಕ್ಯಾಮೆರಾದ ಮುಂದೆ ಅದೇ ಗಾಜು ಹಿಡಿದರೆ ಫೋಟೊನೂ ಬರುತ್ತದೆ. ಕಾರು ಹತ್ತುವ ಮುನ್ನ ಎಲ್ಲರೂ ಶೂ ಬಿಚ್ಚಿ ಅಲ್ಲೇ ಕೊಡವಿಬಿಡಿ.